ಸೇತುವೆಯಲ್ಲಿ ಸಿಕ್ಕ ಹೆಸರು

ಮೊಮ್ಮಗ ಹುಟ್ಟಿ ಮೂರು ತಿಂಗಳಾದರೂ ಮೈ ಹಿಡಿಯಲಿಲ್ಲ. ಕುಡಿದ ಹಾಲೆಲ್ಲ ಕಕ್ಕುತ್ತಿದ್ದ. ಪೇಟೆಯ ಡಾಕ್ಟರ ಔಷಧಿ ನಡೆದೇ ಇತ್ತು. ಆದರೂ ನನ್ನ ಜೀವ ತಡೆಯಲಿಲ್ಲ. ಬೆಳಗಾಗುತ್ತಲೇ ಮಗ ಷಿಂಗ್‌ಕೈಯನ್ನು ಎಬ್ಬಿಸಿ, ಮಗುವನ್ನು ಎತ್ತಿಕೊಂಡು ಹಳ್ಳದ ಸೇತುವೆಗೆ ಹೋದೆ. ಮಗು ಸೊರಗಿದರೆ ನಮ್ಮ ಬೆಟ್ಟದ ಕಡೆ ಹೀಗೇ. ಸೇತುವೆಯ ಮೇಲೆ ಮೊದಲು ಎದುರಾದವರು ಯಾರೇ ಆಗಲಿ, ಅವರು ಮಗುವಿಗೆ ಹೆತ್ತವರ ಲೆಕ್ಕ, ಅವರು ಕರೆದದ್ದೇ ಮುದ್ದಿನ ಹೆಸರು. ಅವರು ಒಲ್ಲೆ ಅನ್ನುವಂತಿಲ್ಲ, ನಾವು ಆರಿಸುವಂತಿಲ್ಲ.

ಬೇಯಿಸಿದ ಮೊಟ್ಟೆ, ಒಂದು ಬಟ್ಟಲು ಹೆಂಡ, ಕೆಂಪು ದಾರ ಇಟ್ಟುಕೊಂಡು ಕೂತೆವು. ಯಾರು ಬರಬಹುದು? ತೋಫು ಮಾರುವವಳೋ, ಶಾಲೆಯ ಮೇಷ್ಟರೋ? ಭಯದ ನಡುವೆಯೂ ನನಗೆ ಚಿಕ್ಕ ಹುಡುಗಿಯ ಕುತೂಹಲ. ಬಂದದ್ದು ಮುದುಕ ರಾನ್ ತಿಂಗ್‌ವು. ಗದ್ದೆಯ ನೀರಿನ ಜಗಳವಾಗಿ, ಅವನಿಗೂ ನನ್ನ ಗಂಡನಿಗೂ ಮಾತು ನಿಂತು ವರ್ಷಗಳೇ ಆಗಿದ್ದವು.

"ಅವ್ವಾ, ಏಳು. ನಾಳೆ ಬರೋಣ," ಎಂದು ಮಗ ಪಿಸುಗುಟ್ಟಿದ.

"ತೆಪ್ಪಗೆ ಕೂತ್ಕೊ. ಇದೇನು ಸಂತೆನಾ, ಆರಿಸಿ ತಗೊಳಕ್ಕೆ?"

ನಮ್ಮನ್ನು ಕಂಡು ರಾನ್ ಆ ತುದಿಯಲ್ಲೇ ನಿಂತ. ಹಾಗೇ ತಿರುಗಿ ಹೋಗಿಬಿಟ್ಟರೆ ಮಗುವಿಗೆ ಕೇಡು. ಆದರೆ ಅವನು ಬಂದ. ಬೆನ್ನ ಮೇಲಿದ್ದ ಗೊಬ್ಬರದ ಮಂಕರಿ ಇಳಿಸಿ, ಕೈಯನ್ನು ಅಂಗಿಗೆ ಒರೆಸಿಕೊಂಡು, ಮಗುವಿನ ಮಣಿಕಟ್ಟಿಗೆ ದಾರ ಕಟ್ಟಿದ.

"ಸಗಣಿ ಮಂಕರಿ," ಎಂದ. ಹೆಂಡ ಕುಡಿದು ಹೊರಟುಹೋದ.

ಮನೆಯಲ್ಲಿ ನನ್ನ ಗಂಡ ಕೆಂಡಾಮಂಡಲವಾದರು. "ಇಷ್ಟು ವರ್ಷ ಕಾದು ನನ್ ಮುಖಕ್ಕೆ ಸಗಣಿ ಬಳಿದ್ನಲ್ಲೇ."

"ನಿಮ್ಮವ್ವ ನಿಮ್ಮನ್ನ ಮುರುಕು ಮಡಕೆ ಅಂತ ಕರೀತಿರ್ಲಿಲ್ವಾ?"

"ಅದು ಅವ್ವ ಇಟ್ಟಿದ್ದು. ಇದು ಹಗೆಗೆ ಇಟ್ಟಿದ್ದು. ನನ್ ಬಾಯಲ್ಲಿ ಬರಲ್ಲ."

"ಮನೆಗೆ ಹಿರೀರು ನೀವೇ ಕರೀದಿದ್ರೆ ಹೆಸರು ಹತ್ತಲ್ಲ ರೀ."

"ಹತ್ತದಿದ್ರೆ ಬಿಡು."

ಹಗೆಗೋ, ಅಲ್ಲವೋ? ಅದು ತಿಳಿಯದೆ ನನಗೆ ಅನ್ನ ಇಳಿಯಲಿಲ್ಲ. ಮಾರನೆಯ ದಿನ ರಾನ್‌ನ ಮೂಲಂಗಿ ಹೊಲಕ್ಕೇ ಹೋಗಿ ನೇರವಾಗಿ ಕೇಳಿದೆ.

"ಸಗಣಿ ಮಂಕರೀನ ಯಾವ ಪೀಡೆ ಮುಟ್ಟುತ್ತೆ ಅತ್ತಿಗೆ?" ಎಂದ, ತಲೆ ಎತ್ತದೆ ಅಗೆಯುತ್ತಾ. "ನನ್ ಮಗನ್ನ ಆಸೆಪಟ್ಟು ಮುತ್ತು ಅಂತ ಕರೀತಿದ್ದೆ. ವರ್ಷ ತುಂಬಲಿಲ್ಲ. ಅಂಥ ಹೆಸರು ಇನ್ನೊಂದ್ ಮಗೀಗೆ ಇಡ್ಲಾ?"

ಅದು ನಾನು ಈ ಊರಿಗೆ ಸೊಸೆಯಾಗಿ ಬರುವ ಮುಂಚಿನ ಮಾತು. ನನಗೆ ಗೊತ್ತೇ ಇರಲಿಲ್ಲ. ಮನೆಗೆ ಬಂದು ಹೇಳಿದಾಗ ನನ್ನ ಗಂಡ ಚಿಲುಮೆ ಕೆಳಗಿಟ್ಟರು.

"ಆ ಮಗೀನ ಮಣ್ಣು ಮಾಡಕ್ಕೆ ಗುಡ್ಡಕ್ಕೆ ಎತ್ಕೊಂಡ್ ಹೋದೋನು ನಾನೇ ಕಣೇ," ಎಂದರು. "ರಾನ್‌ಗೆ ನಡಿಯಕ್ಕೂ ಆಗ್ತಿರ್ಲಿಲ್ಲ."

ಆಮೇಲೆ ಸೊಸೆಯ ಕೈಯಿಂದ ಮೊಮ್ಮಗನನ್ನು ಎತ್ತಿಕೊಂಡು ಹಿತ್ತಲಿಗೆ ಹೋದರು. ಅಲ್ಲಿಂದ ಹಳ್ಳದ ಆಚೆ ರಾನ್‌ನ ಹೊಲ ಎದುರಿಗೇ ಕಾಣುತ್ತದೆ. ಮಗುವಿನ ಮುಖ ಅತ್ತ ತಿರುಗಿಸಿ, ಗಂಟಲೆತ್ತಿ ಕರೆದರು. "ಸಗಣಿ ಮಂಕರೀ..."

ಮಗುವಿಗೆ ಇನ್ನೂ ಓಗೊಡುವ ವಯಸ್ಸಲ್ಲ. ಅದರ ಪರವಾಗಿ ಹಳ್ಳದ ಆಚೆಯಿಂದ ಮುದುಕ ರಾನ್ ಓಗೊಟ್ಟ.