ಮೂರನೆಯ ತಪಾಸಣೆ

ಬಲಗಾಲು ಮಡಚಿತು. ಎಡಗಾಲು ಮಡಚಲಿಲ್ಲ.

ಶಿವಣ್ಣ ಮಂಡಿಯ ಮೇಲೆ ಅಂಗೈ ಊರಿ ಇನ್ನೊಮ್ಮೆ ಒತ್ತಿ ನೋಡಿದರು. ಹರವೆಯಲ್ಲಿ ಅವರ ಜನದ ಯಾರೇ ತೀರಿಕೊಂಡರೂ ಕೂರಿಸುವ ಕೆಲಸಕ್ಕೆ ಕರೆಬರುವುದು ಅವರಿಗೇ. ಮೈ ಸೆಟೆಯುವುದಕ್ಕೆ ಮೊದಲು ಸ್ನಾನ ಮಾಡಿಸಿ, ಕಾಲು ಮಡಚಿ, ಗೋಡೆಗೆ ಒರಗಿಸಿ, ಎಡಗೈಯಲ್ಲಿ ಲಿಂಗವಿಟ್ಟುಬಿಡಬೇಕು. ಗುರುಪಾದಸ್ವಾಮಿಯ ಉಸಿರು ನಿಂತು ಇನ್ನೂ ಎರಡು ಗಂಟೆಯೂ ಆಗಿರಲಿಲ್ಲ. ಇಷ್ಟು ಬೇಗ ಹೇಗೆ ಸೆಟೆದುಕೊಂಡಿತು ಎಂದು ಅವರು ಗೊಣಗಿದರು.

"ಸೆಟ್ಕೊಂಡಿಲ್ಲ ಕಣಣ್ಣ," ಎಂದಳು ಬಾಗಿಲಲ್ಲಿ ನಿಂತಿದ್ದ ಗಂಗಾಂಬಿಕೆ. "ಆ ಮಂಡಿ ಒಳಗೆ ಪ್ಲೇಟದೆ. ಬದ್ಕಿದ್ದಾಗ್ಲೂ ಮಡಚ್ತಿರ್ಲಿಲ್ಲ. ಒತ್ಬ್ಯಾಡಿ, ನೋವಾದದು."

ಹೆಣಕ್ಕೆ ನೋವಾಗುತ್ತದೆ ಎಂದು ಹೆಂಡತಿ ಹೇಳಿದಾಗ ಯಾರೂ ತಿದ್ದಲಿಲ್ಲ. ಶಿವಣ್ಣ ಎಡಗಾಲನ್ನು ಹಾಗೇ ಚಾಚಲು ಬಿಟ್ಟು, ಮೇಲೆ ಬಿಳಿ ಪಂಚೆ ಹೊದಿಸಿ ಪದ್ಮಾಸನ ಹಾಕಿದಂತೆ ಕಾಣುವ ಹಾಗೆ ಮಾಡಿದರು. ಹಣೆಗೆ ಮೂರು ಪಟ್ಟೆ ವಿಭೂತಿ ಬಿತ್ತು. ಬೆಳಗ್ಗೆ ಆರೂವರೆಗೆ ಪೂಜೆ ಮುಗಿಸಿ, ಹೆಗಲಿಗೆ ಬ್ಯಾಗು ಹಾಕಿ, ಜಗಲಿಯಲ್ಲಿ ಕೂತು ಒಂದು ಕಾಲಿಗೆ ಬೂಟು ಹಾಕಿಕೊಂಡವನು ಇನ್ನೊಂದಕ್ಕೆ ಬಗ್ಗಿದ್ದಷ್ಟೇ. ಐವತ್ತಾರು ವರ್ಷ. ಆ ಇನ್ನೊಂದು ಬೂಟು ಇನ್ನೂ ಜಗಲಿಯ ಮೇಲೆಯೇ ಇತ್ತು.

*

ಗುರುಪಾದಸ್ವಾಮಿ ಹದಿನೆಂಟು ವರ್ಷ ಚಾಮರಾಜನಗರ-ಗುಂಡ್ಲುಪೇಟೆ ನಡುವೆ ಓಡುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ. ಮಾಲೀಕ ಬಸ್ಸು ಮಾರಿದ ಮೇಲೆ ಒಂದು ವರ್ಷ ಮನೆಯಲ್ಲಿದ್ದು, ಆಮೇಲೆ ಹಸಿರುಗಾಲಿ ಯೋಜನೆಗೆ ಗುತ್ತಿಗೆಯ ಮೇಲೆ ಸೇರಿಕೊಂಡ. ಹೊಗೆ ಬಿಡದ ಎಲೆಕ್ಟ್ರಿಕ್ ಆಟೋ ಕೊಳ್ಳುವವರಿಗೆ ಸರ್ಕಾರ ಸಹಾಯಧನ ಕೊಡುವ ಯೋಜನೆ ಅದು. ಸಹಾಯಧನ ಪಡೆದವನು ಆಟೋವನ್ನು ಮಾರಿಕೊಂಡಿಲ್ಲ, ತಾನೇ ಓಡಿಸುತ್ತಿದ್ದಾನೆ ಎಂದು ವರ್ಷಕ್ಕೊಮ್ಮೆಯಂತೆ ಮೂರು ಸಲ ನೋಡಿಕೊಂಡು ಬಂದು, ಮೊಬೈಲಿನ ಆಪ್‌ನಲ್ಲಿ ಫೋಟೊ ಏರಿಸುವುದು ಅವನ ಕೆಲಸ. ಹೊಗೆ ಬಿಡದ ಆಟೋ ಇದೆಯೋ ಇಲ್ಲವೋ ಎಂದು ನೋಡಲು ಅವನು ಹೋಗುತ್ತಿದ್ದದ್ದು ಮೂಟೆ ಹೊಗೆ ಉಗುಳುವ ತನ್ನ ಹಳೆಯ ಬೈಕಿನಲ್ಲಿ. ಬೇಗೂರಿನ ಹಂಪಿನಲ್ಲಿ ಬಿದ್ದು ಮಂಡಿ ಚೂರಾದದ್ದೂ ಅದೇ ಬೈಕಿನಿಂದ, ಅದೇ ಕೆಲಸದ ಮೇಲೆಯೇ.

ಅವತ್ತಿನಿಂದ ಸಂಜೆ ಮನೆಗೆ ಬಂದರೆ ಎಡಗಾಲನ್ನು ಸ್ಟೂಲಿನ ಮೇಲೆ ಚಾಚಿ ಕೂರುತ್ತಿದ್ದ. ಒಂದು ದಿನ ಹಾಗೇ ಕೂತವನು ತಾನೊಬ್ಬನೇ ನಗತೊಡಗಿದ. ಏನೆಂದು ಗಂಗಾಂಬಿಕೆ ಕೇಳಿದಳು. ಜಿಲ್ಲೆಗೆಲ್ಲ ಇರುವುದು ಅರವತ್ತೆರಡು ಆಟೋ, ಅವನ್ನು ನೋಡಿಕೊಳ್ಳಲು ಚಾಮರಾಜನಗರದಲ್ಲಿ ಎಸಿ ಹಾಕಿದ ಬಾಡಿಗೆ ಆಫೀಸು, ಮೈಸೂರಿನಲ್ಲಿ ಇನ್ನೊಂದು ಆಫೀಸು, ಸಾಹೇಬರಿಗೆ ಬಾಡಿಗೆ ಕಾರು, ಆಪ್ ಮಾಡುವವರು ಒಬ್ಬರು, ಆ ಆಪ್ ಸರಿಯಿದೆಯೇ ಎಂದು ನೋಡುವವರು ಇನ್ನೊಬ್ಬರು, ಎರಡು ತಿಂಗಳಿಗೊಮ್ಮೆ ಹೋಟೆಲಿನಲ್ಲಿ ಕಾರ್ಯಾಗಾರ, ಅದಕ್ಕೊಂದು ಬ್ಯಾನರು ಎಂದೆಲ್ಲ ಹೇಳಿದ.

"ಆಟೋಗ್ ಕೊಟ್ಟಿರದ್ಕಿಂತ, ಆಟೋ ಅದೋ ಇಲ್ವೋ ಅಂತ ನೋಡಕ್ಕೇ ಜಾಸ್ತಿ ಖರ್ಚಾಗದೆ ಕಣೆ."

"ಅದ್ರಲ್ಲಿ ನಿಮ್ ಸಂಬಳನೂ ಬತ್ತದಲ್ಲ," ಎಂದಳು ಅವಳು.

ಅವನ ನಗು ನಿಂತುಹೋಯಿತು. ಅಂಥ ಮಾತು ಆಡಬಾರದಿತ್ತು ಎಂದು ಅವಳಿಗೆ ಆಮೇಲೆ ಎಷ್ಟೋ ದಿನ ಅನ್ನಿಸಿತ್ತು. ಅವನು ಮಾತ್ರ ಅಂದಿನಿಂದ ಒಂದು ತಪಾಸಣೆಯನ್ನೂ ತಪ್ಪಿಸಲಿಲ್ಲ. ಮಳೆಯಿರಲಿ, ಮಂಡಿ ಊದಿರಲಿ, ಹೋಗಿಯೇ ಹೋಗುತ್ತಿದ್ದ.

*

ಹನ್ನೊಂದರ ಹೊತ್ತಿಗೆ ಒಂದು ಗೂಡ್ಸ್ ಆಟೋ ಸದ್ದಿಲ್ಲದೆ ಬಂದು ಹೊಂಗೆ ಮರದ ಕೆಳಗೆ ನಿಂತಿತು. ಇಳಿದವನು ಗುಂಡ್ಲುಪೇಟೆಯಾಚೆ ಮದ್ದೂರಿನ ಕಾಡಂಚಿನ ಪುಟ್ಟಮಾದಯ್ಯ. ಅವನು ಜಗಲಿ ಹತ್ತಲಿಲ್ಲ. ಅಂಗಳದಿಂದಲೇ ಕೈಮುಗಿದು, ಟವೆಲಿನಿಂದ ಬಾಯಿ ಮುಚ್ಚಿಕೊಂಡು ಅತ್ತ. ಆಮೇಲೆ ಹೋಗಿ ಆಟೋ ಪಕ್ಕ ನಿಂತ. ಬಂದವರು ಬಂದು ಹೋದರು, ಅವನು ನಿಂತೇ ಇದ್ದ.

ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ಮಗಳು ಕಾವ್ಯಶ್ರೀ ಅವನಿಗೆ ನೀರು ಕೊಡಲು ಹೋದಳು. ಕೇಳಬೇಕೋ ಬೇಡವೋ ಎಂದು ಅವನು ನೀರನ್ನು ಕುಡಿಯದೆ ಹಿಡಿದುಕೊಂಡೇ ನಿಂತ. ಸಾವಿನ ಮನೆಯಲ್ಲಿ ಹೇಗೆ ಕೇಳುವುದು, ಕೇಳದೆ ಹೇಗೆ ಹೋಗುವುದು.

"ಕೇಳ್ಬಾರ್ದು ಕಣವ್ವ, ಇಂಥ ಹೊತ್ನಲ್ಲಿ," ಎಂದ ಕೊನೆಗೆ. "ನಿನ್ನೆ ಸಾರು ನಮ್ಮನೆಗೆ ಬಂದಿದ್ರು. ಫೋಟೊ ಎಲ್ಲ ತಗುದ್ರು. ಅದು ಓಯ್ತಾ, ಇಲ್ಲೇ ಅದಾ ಅಂತ ಒಂಚೂರು ನೋಡ್ತೀಯಾ?"

*

ನಿನ್ನೆ ಸಂಜೆ ಗುರುಪಾದಸ್ವಾಮಿ ಮದ್ದೂರು ಮುಟ್ಟಿದಾಗ ಐದು ಗಂಟೆ. ಈ ಸಲದ ತಪಾಸಣೆಗೆ ಎರಡು ತಿಂಗಳ ಗಡುವಿತ್ತು. ಅದರಲ್ಲಿ ಹೆಚ್ಚುಕಡಿಮೆ ಎಲ್ಲ ದಿನಗಳೂ ಯೋಜನೆ ನಡೆಸುವ ಹಳೆಯ ಏಜೆನ್ಸಿ ಹೋಗಿ ಹೊಸ ಏಜೆನ್ಸಿ ಬರುವುದು, ಹಳೆಯ ಆಪ್ ಹೋಗಿ ಹೊಸದು ಬರುವುದು ಇದರಲ್ಲೇ ಕಳೆದವು. ಹೊಸ ಆಪ್ ತೆರೆದುಕೊಂಡದ್ದು ಗಡುವಿಗೆ ನಾಲ್ಕು ದಿನ ಇರುವಾಗ. ಆಮೇಲಿನ ಮೂರು ದಿನದಲ್ಲಿ ಅವನು ಅರವತ್ತೊಂದು ಆಟೋ ಮುಗಿಸಿದ್ದ. ಪುಟ್ಟಮಾದಯ್ಯನದು ಕೊನೆಯದು.

ಆಟೋದ ನಾಲ್ಕೂ ಕಡೆಯಿಂದ ಫೋಟೊ, ನಂಬರ್ ಪ್ಲೇಟಿನ ಫೋಟೊ, ಪುಟ್ಟಮಾದಯ್ಯ ಸ್ಟೇರಿಂಗ್ ಹಿಡಿದು ಕೂತ ಫೋಟೊ. ಅವನ ಹೆಂಡತಿ ಲಕ್ಷ್ಮಿದೇವಿ ಗಡಿಯಾಚೆಯ ರೂಢಿಯಂತೆ ಹಾಲಿಲ್ಲದ ಕಟ್ಟನ್ ಚಾಯ ಮಾಡಿಕೊಟ್ಟಳು. ಕುಡಿಯುತ್ತಾರೋ ಇಲ್ಲವೋ ಎಂದು ಗಂಡ ಹೆಂಡತಿ ಇಬ್ಬರೂ ಲೋಟವನ್ನೇ ನೋಡುತ್ತಿದ್ದರು. ಅವನು ಕುಡಿದು, ಇನ್ನೊಂದು ಲೋಟ ಕೇಳಿದ. ಈ ಆಟೋ ಬರುವವರೆಗೆ ಪುಟ್ಟಮಾದಯ್ಯ ಬೇರೆಯವರ ಗಾಡಿಗೆ ತರಕಾರಿ ಹೊತ್ತು ಹಾಕುತ್ತಿದ್ದವನು. ಮೂರು ವರ್ಷದಿಂದ ತನ್ನದೇ ಗಾಡಿಯಲ್ಲಿ ಗುಂಡ್ಲುಪೇಟೆ ಮಾರ್ಕೆಟ್ಟಿಗೆ ಒಯ್ಯುತ್ತಿದ್ದ.

"ಇದು ಕೊನೇದು ಕಣಪ್ಪ. ನಾಳೆ ಆರ್ಗಂಟೆ ಒಳಗೆ ಈ ಫೋಟೊ ಹೋಗ್ಬುಟ್ರೆ ಗಾಡಿ ನಿಂದೇ. ಇನ್ಮೇಲೆ ಯಾರ್ಗೂ ತೋರುಸ್ಬೇಕಾಗಿಲ್ಲ."

"ಓಗ್ದೆ ಇದ್ರೆ, ಸಾ?"

ಹೋಗದಿದ್ದರೆ ಸರ್ಕಾರ ಸಹಾಯಧನ ವಾಪಸು ಕೇಳುತ್ತದೆ, ಸಾಲ ಕೊಟ್ಟ ಫೈನಾನ್ಸಿನವರು ಗಾಡಿ ಎಳೆದುಕೊಂಡು ಹೋಗುತ್ತಾರೆ. ಅದನ್ನು ಗುರುಪಾದಸ್ವಾಮಿ ಹೇಳಲಿಲ್ಲ, ಪುಟ್ಟಮಾದಯ್ಯನಿಗೆ ಗೊತ್ತಿತ್ತು. ನಾನು ಇದೀನಲ್ಲ ಎಂದಷ್ಟೇ ಹೇಳಿ ಬೈಕು ಹತ್ತಿದ. ಕಾಡಂಚಿನಲ್ಲಿ ಟವರ್ ಸಿಗುವುದಿಲ್ಲ. ಗುಂಡ್ಲುಪೇಟೆಗೆ ಬಂದು ಸಿಗ್ನಲ್ ಸಿಗುವಷ್ಟರಲ್ಲಿ ಆರು ದಾಟಿತ್ತು. ಆಪ್ ಬೆಳಗ್ಗೆ ಒಂಬತ್ತಕ್ಕೆ ತೆರೆದು ಸಂಜೆ ಆರಕ್ಕೆ ಮುಚ್ಚಿಕೊಳ್ಳುತ್ತದೆ.

*

ಫೋಟೊಗಳು ಇದ್ದವು. ಒಂದೊಂದರ ಮೂಲೆಯಲ್ಲೂ ಏರಿಸಿಲ್ಲ ಎಂಬ ಕೆಂಪು ಗುರುತು. ಅಪ್ಪನ ಮೊಬೈಲಿನ ಬೀಗದ ನಂಬರು ಕಾವ್ಯಶ್ರೀಗೆ ಗೊತ್ತಿತ್ತು. ಆದರೆ ಏರಿಸಲು ಆಪ್‌ಗೆ ನಂಬರು ಬೇಡ, ಮುಖ ಬೇಕು. ನೋಂದಾಯಿಸಿದ ನೌಕರನ ಮುಖ ಕಾಣದೆ ಅದು ಏರಿಸಲು ಬಿಡುವುದಿಲ್ಲ.

ಹನ್ನೆರಡೂವರೆಗೆ ಏಜೆನ್ಸಿಯ ಸೋಮೇಶ್ ಮೈಸೂರಿನಿಂದ ಡೀಸೆಲ್ ಕಾರಿನಲ್ಲಿ ಬಂದ. ಮೂವತ್ತು ದಾಟದ ಹುಡುಗ, ಕೈಯಲ್ಲಿ ದೊಡ್ಡ ಗುಲಾಬಿ ಹಾರ. ಹಾಕಿದ, ಕೈಮುಗಿದ, ಕಣ್ಣೊರೆಸಿಕೊಂಡ. ಒರೆಸಿಕೊಂಡದ್ದು ನಿಜವಾಗಿಯೇ. ಆಮೇಲೆ ತಲೆತಗ್ಗಿಸಿ, ಹಾರದ ಬಿಲ್ಲು ಪಾಸಾಗಬೇಕಾದರೆ ಹಾರ ಹಾಕಿದ ಫೋಟೊ ಬೇಕೆಂದು ಕೇಳಿ, ಒಂದು ಫೋಟೊ ತೆಗೆದುಕೊಂಡ. ಅದು ಆಗಿಂದಾಗಲೇ ಅವನ ಮೊಬೈಲಿನಿಂದ ಬೆಂಗಳೂರಿಗೆ ಹೋಯಿತು.

ಕಾವ್ಯಶ್ರೀ ಕೇಳಿದ್ದಕ್ಕೆ ಅವನು ಬೆಂಗಳೂರಿಗೆ ನಾಲ್ಕು ಕರೆ ಮಾಡಿದ. ಒಬ್ಬರು ಇನ್ನೊಬ್ಬರ ನಂಬರು ಕೊಟ್ಟರು. ಆ ಇನ್ನೊಬ್ಬರು ಮರಣಪತ್ರ ಹಾಕಿ ಅರ್ಜಿ ಕೊಡಿ, ಸಮಿತಿ ಸೇರಿದಾಗ ಹೊಸ ನೌಕರನ ಮುಖ ನೋಂದಾಯಿಸುತ್ತೇವೆ ಎಂದರು. ಗಡುವು? ಗಡುವು ಮುಂದೂಡಲು ಬೇರೆ ಸಮಿತಿ ಇದೆಯಂತೆ.

"ನನ್ ಕೈಲಿ ಏನೂ ಇಲ್ಲ ಮೇಡಂ," ಎಂದ ಸೋಮೇಶ್. "ಅದು ಮುಖ ಕೇಳ್ತದೆ."

ಇದನ್ನೆಲ್ಲ ಕೇಳಿಸಿಕೊಳ್ಳುತ್ತ ಕೂತಿದ್ದ ಗಂಗಾಂಬಿಕೆ ಎದ್ದಳು.

"ಮುಖ ತಾನೆ ಬೇಕಾಗಿರದು? ಇಲ್ಲೇ ಅದಲ್ಲ."

ಯಾರಿಗೂ ತಕ್ಷಣ ಅರ್ಥವಾಗಲಿಲ್ಲ. ಅವಳು ಮಗಳ ಕೈಯಿಂದ ಮೊಬೈಲು ಇಸಿದುಕೊಂಡಾಗ ಅರ್ಥವಾಯಿತು. ಬೇಡ ಅವ್ವ ಎಂದಳು ಕಾವ್ಯಶ್ರೀ. ಶಿವಣ್ಣನೂ ಬೇಡವೆಂದು ಕೈಯಾಡಿಸಿದರು.

"ಕೊಟ್ಟ ಮಾತ ಇವ್ರು ತಪ್ಪುಸ್ದವರಲ್ಲ ಕಣಣ್ಣ. ಕೆಲ್ಸ ಮುಗುಸ್ಬುಟ್ಟೇ ಹೋಗ್ಲಿ."

ಗೋಡೆಗೆ ಒರಗಿ ಕೂತ ಗಂಡನ ಮುಂದೆ ಅವಳು ಮಂಡಿಯೂರಿದಳು. ಮುಖ ನೇರವಾಗಿ ಎದುರಿಗೇ ಇತ್ತು. ಹಾಗಿರಲೆಂದೇ ಅಲ್ಲವೇ ಕೂರಿಸುವುದು. ಪರದೆಯ ಮೇಲಿನ ವೃತ್ತದೊಳಗೆ ಆ ಮುಖ ಬಂತು. ವೃತ್ತ ಕೆಂಪಾಗಿಯೇ ಉಳಿಯಿತು. ಅವಳು ಎದ್ದುಹೋಗಿ, ಬ್ಯಾಗಿನಿಂದ ಕನ್ನಡಕ ತಂದು, ಸೆರಗಿನಿಂದ ಒರೆಸಿ, ಗಂಡನ ಕಿವಿಗೆ ಸಿಕ್ಕಿಸಿದಳು. ಈ ಸಲ ವೃತ್ತ ಹಸಿರಾಯಿತು. ಹೊಂಗೆ ಮರದ ಕೆಳಗಿದ್ದ ಪುಟ್ಟಮಾದಯ್ಯ ತನಗೇ ತಿಳಿಯದಂತೆ ಜಗಲಿಯ ಮೆಟ್ಟಿಲವರೆಗೆ ಬಂದಿದ್ದ.

ಮೊಬೈಲಿನಿಂದ ಒಂದು ಹೆಣ್ಣುದನಿ ಹೇಳಿತು: "ಧನ್ಯವಾದ, ಗುರುಪಾದಸ್ವಾಮಿ. ಈಗ ಕಣ್ಣು ಮಿಟುಕಿಸಿ."

ಅಂಗಳದಲ್ಲಿ ಕಾಯುತ್ತಿದ್ದ ತಮಟೆಯವರು ಬಾಗಿಲಿಗೆ ಬಂದು ಇಣುಕಿದರು.

"ದಯವಿಟ್ಟು ಕಣ್ಣು ಮಿಟುಕಿಸಿ," ಎಂದಿತು ಮತ್ತೆ.

ಗಂಗಾಂಬಿಕೆಯ ಬೆರಳು ಗಂಡನ ರೆಪ್ಪೆಯ ಹತ್ತಿರ ಹೋಯಿತು. ಮುಟ್ಟದೆ ಹಿಂದಕ್ಕೆ ಬಂತು. ಮೂರನೆಯ ಸಲವೂ ಕೇಳಿದ ಮೇಲೆ ನಾಲ್ಕು ಗಂಟೆಗಳ ನಂತರ ಮತ್ತೆ ಪ್ರಯತ್ನಿಸಿ ಎಂದು ಹೇಳಿ ಆಪ್ ಮುಚ್ಚಿಕೊಂಡಿತು. ಆಗ ಒಂದು ಗಂಟೆ.

ಪುಟ್ಟಮಾದಯ್ಯ ಮೆಟ್ಟಿಲಿಂದ ಕೆಳಗಿಳಿದ. "ಬುಡಿ ಅಮ್ಮಾರೆ," ಎಂದ. "ಸಾರ್ನ ಹಿಂಸೆ ಮಾಡ್ಬ್ಯಾಡಿ."

*

ಹೆಣ ಕೂರಿಸಿ ಒಯ್ಯುವ ವಿಮಾನವನ್ನು ಹೊರಲು ಹೇಳಿದ್ದ ಟ್ರ್ಯಾಕ್ಟರ್ ಕೆಟ್ಟು ನಿಂತಿತ್ತು. ಪುಟ್ಟಮಾದಯ್ಯನ ಗಾಡಿಯಲ್ಲೇ ಹೋಗಲಿ ಎಂದಳು ಗಂಗಾಂಬಿಕೆ. ಅಲ್ಲಿ ಇಲ್ಲಿ ಗುಸುಗುಸು ಎದ್ದಿತು, ಅವಳ ಮುಖ ನೋಡಿ ಅಡಗಿತು. ಬಾಳೆಕಂಬ, ಚೆಂಡುಹೂ ಕಟ್ಟಿದ ವಿಮಾನವನ್ನು ಆಟೋದ ಮೇಲಿಟ್ಟು ಗುರುಪಾದಸ್ವಾಮಿಯನ್ನು ಕೂರಿಸಿದರು. ಮೂರು ವರ್ಷ ಸುತ್ತಲೂ ನಿಂತು ಫೋಟೊ ತೆಗೆದಿದ್ದ ಗಾಡಿಯಲ್ಲಿ ಅವನು ಕೂತದ್ದು ಅದೇ ಮೊದಲು. ಹೊಗೆಯಿಲ್ಲ, ಸದ್ದಿಲ್ಲ. ಮುಂದೆ ತಮಟೆ, ಹಿಂದೆ ಹೆಂಗಸರ ಅಳು, ನಡುವೆ ಆ ಗಾಡಿ ತಾನಾಗಿಯೇ ಜಾರಿಕೊಂಡು ಹೋಗುವಂತಿತ್ತು.

ಗುಂಡಿಯ ಒಳಗಿನ ಗೂಡು ಆ ಚಾಚಿದ ಕಾಲಿಗೆ ಸಾಲದೆ, ಇನ್ನೂ ಒಂದು ಮೊಳ ಅಗೆಯಬೇಕಾಯಿತು. ವಿಭೂತಿ, ಪತ್ರೆ ಹಾಕುವ ಮೊದಲು ಶಿವಣ್ಣ ಕನ್ನಡಕ ಬಿಚ್ಚಿ ಗಂಗಾಂಬಿಕೆಯ ಕೈಗೆ ಕೊಟ್ಟರು. ಮಣ್ಣು ಬಿತ್ತು. ಸೋಮೇಶ್ ಒಂದು ಹಿಡಿ ಹಾಕಿ, ಯಾರಿಗೂ ಹೇಳದೆ ಕಾರು ಹತ್ತಿ ಹೋದ.

ಮನೆಗೆ ಮರಳಿದಾಗ ಗಾಡಿಯಲ್ಲಿ ಚಾರ್ಜು ಮುಗಿಯುತ್ತ ಬಂದಿತ್ತು. ಮದ್ದೂರು ಮುಟ್ಟುವಂತಿರಲಿಲ್ಲ. ಯೋಜನೆಯವರು ತಾಲ್ಲೂಕಿಗೊಂದರಂತೆ ನಿಲ್ಲಿಸಿದ ಚಾರ್ಜಿಂಗ್ ಕಂಬಕ್ಕೆ ಉದ್ಘಾಟನೆಯ ದಿನದಿಂದ ಬೀಗ. ಮನೆಯಲ್ಲಿ ದೊಡ್ಡ ಪ್ಲಗ್ಗು ಇದ್ದದ್ದು ನಡುಮನೆಯಲ್ಲಿ, ಈಗ ದೀಪ ಹಚ್ಚಿಟ್ಟ ಜಾಗದ ಪಕ್ಕ. ಪುಟ್ಟಮಾದಯ್ಯ ವೈರು ಹಿಡಿದು ಹೊಸ್ತಿಲ ಹೊರಗೇ ನಿಂತ. ಒಳಕ್ಕೆ ಬಾಪ್ಪ ಎಂದಳು ಗಂಗಾಂಬಿಕೆ. ಅವನು ಬರಲಿಲ್ಲ. ಅವಳೇ ವೈರು ಇಸಿದುಕೊಂಡು ಸಿಕ್ಕಿಸಿದಳು.

"ನಾಳೆ ಎಳ್ಕಂಡೋಗೋರ್ಗೆ ನಾವೇ ಚಾರ್ಜ್ ತುಂಬುಸ್ಕೊಡ್ತಾ ಇದೀವಿ," ಎಂದ ಅವನು. ನಗಲು ನೋಡಿದ, ಆಗಲಿಲ್ಲ. ಜಗಲಿಯ ಕೆಳಗೆ ಕೂತು ಮುಖವನ್ನು ಮಂಡಿಗಳ ನಡುವೆ ಇಟ್ಟುಕೊಂಡ.

ಆರಕ್ಕೆ ಹತ್ತು ನಿಮಿಷವಿರುವಾಗ ಕಾವ್ಯಶ್ರೀ ಹಿತ್ತಲಿನಿಂದ ಒಳಗೆ ಬಂದಳು. ನಡುಮನೆಯಿಂದ ಆ ಹೆಣ್ಣುದನಿ ಕೇಳಿಸುತ್ತಿತ್ತು. ಮುಖ ಹೊಂದಿಕೆಯಾಗುತ್ತಿಲ್ಲ, ಮುಖ ಹೊಂದಿಕೆಯಾಗುತ್ತಿಲ್ಲ ಎನ್ನುತ್ತಿತ್ತು.

ಅಪ್ಪನನ್ನು ಕೂರಿಸಿದ್ದ ಜಾಗದಲ್ಲಿ, ಅದೇ ಗೋಡೆಗೆ ಒರಗಿ ಅವ್ವ ಕೂತಿದ್ದಳು. ಎಡಗಾಲು ಮುಂದಕ್ಕೆ ಚಾಚಿತ್ತು. ಅಪ್ಪನ ಕನ್ನಡಕ ಹಾಕಿಕೊಂಡು, ದೀಪದ ಪಕ್ಕದ ತಟ್ಟೆಯಿಂದ ವಿಭೂತಿ ತೆಗೆದು ಹಣೆಗೆ ಮೂರು ಪಟ್ಟೆ ಬಳಿದುಕೊಂಡಿದ್ದಳು. ಎರಡೂ ಕೈಯಲ್ಲಿ ಮೊಬೈಲನ್ನು ಮುಖದೆದುರು ಹಿಡಿದು, ಕಣ್ಣು ಮಿಟುಕಿಸುತ್ತಿದ್ದಳು.