ಬಿಸಿ ಒಲೆಗೆ ನೀರು

ಕಲ್ಲೊಂದು ಕಿಟಕಿಯ ಗಾಜನ್ನು ಒಡೆದುಕೊಂಡು ನೇರವಾಗಿ ಹಿಟ್ಟಿನ ಮರಿಗೆಗೆ ಬಂದು ಬಿತ್ತು. ಬೆಳಗಿನ ಆರು ಗಂಟೆ. ಮುದುಕ ಆಗಷ್ಟೇ ಇಟ್ಟಿಗೆಯ ಒಲೆಯ ಮುಂದೆ ಕಣ್ಣು ಮುಚ್ಚಿ ನಿಂತು, "ಇವತ್ತಿನ ಬೆಂಕಿಯೂ ನಿನ್ನದೇ, ತಂದೆ" ಎಂದು ದೇವರಿಗೆ ಒಪ್ಪಿಸಿ ಸೌದೆಗೆ ಕಿಡಿ ತಾಕಿಸಿದ್ದ. ಅರವತ್ತು ಪಿಜ್ಜಾಗಳಿಗೆ ಆಗುವಷ್ಟು ಹಿಟ್ಟು, ಒಳ್ಳೆ ಮಗುವಿನ ಕೆನ್ನೆಯ ಹಾಗೆ ಉಬ್ಬಿದ್ದದ್ದು, ಗಾಜಿನ ಚೂರು ತುಂಬಿಕೊಂಡು ಕುಸಿಯಿತು.

"ಮುಟ್ಬೇಡ ಅಪ್ಪ, ಕೈ ಕುಯ್ಯುತ್ತೆ" ಎಂದಳು ಮಗಳು.

ಅಷ್ಟರಲ್ಲಿ ಅವನ ಅಂಗೈ ಕುಯ್ದಾಗಿತ್ತು.

ಯಾರು ಎಸೆದದ್ದೆಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ಆರು ತಿಂಗಳ ಹಿಂದೆ ಬೀದಿಯ ಆಚೆ ಬದಿಯಲ್ಲಿ ದೊಡ್ಡ ಕಂಪನಿಯ ಪಿಜ್ಜಾ ಅಂಗಡಿ ತೆರೆದಿತ್ತು. ಇನ್ನೂರು ಊರುಗಳಲ್ಲಿ ಅದೇ ಬಣ್ಣ, ಅದೇ ಕುರ್ಚಿ, ಅದೇ ರುಚಿ. ಅದರ ಮ್ಯಾನೇಜರು ಮುದುಕನ ಸೋದರಳಿಯ, ಸ್ವಂತ ಅಕ್ಕನ ಮಗ. ಹತ್ತು ವರ್ಷ ಇದೇ ಒಲೆಯ ಮುಂದೆ ಬೆವರು ಸುರಿಸಿ ಕೆಲಸ ಕಲಿತು, ನಾಲ್ಕು ವರ್ಷದ ಹಿಂದೆ ಕಂಪನಿ ಸೇರಿದವನು. ಒಂದು ಕೊಂಡರೆ ಒಂದು ಬಿಟ್ಟಿ ಎಂದು ಅವನು ಬೋರ್ಡು ಹಾಕಿದ. ಜನ ಒಂದೆರಡು ಸಲ ಅತ್ತ ಹೋಗಿ, ಬಾಯಿ ಸಪ್ಪೆ ಮಾಡಿಕೊಂಡು ಮತ್ತೆ ಮುದುಕನ ಇಟಾಲಿಯನ್ ಹೋಟೆಲ್ಲಿಗೇ ಬಂದರು. ಕಂಪನಿಯವರು ಅಳಿಯನ ಕುತ್ತಿಗೆ ಹಿಡಿದರು: ಈ ತಿಂಗಳೊಳಗೆ ಮೇಜು ತುಂಬಬೇಕು, ಇಲ್ಲದಿದ್ದರೆ ನೀನು ಮನೆಗೆ. ಅವನು ಎರಡು ಸಲ ಬಂದು ಅಂಗಡಿ ಮುಚ್ಚಿ ಎಂದ. ಮೂರನೆಯ ಸಲ ಕಲ್ಲು ಬಂತು.

ಮುದುಕ ಮುಚ್ಚುವ ಹಾಗಿರಲಿಲ್ಲ. ಹೆಂಡತಿ ತೀರಿಕೊಂಡು ಎಂಟು ತಿಂಗಳಾಗಿತ್ತು. ಒಲೆಯ ಪಕ್ಕದ ಗೂಡಿನಲ್ಲಿ ಅವಳ ಭರಣಿ, ಭರಣಿಯಲ್ಲಿ ಅವಳು ಮೂವತ್ತೊಂದು ವರ್ಷ ಸಾಕಿದ ಹುಳಿಹಿಟ್ಟು. ಹೊಸದಾಗಿ ಮದುವೆಯಾದಾಗ ಇಬ್ಬರೂ ಹಡಗಿನ ಅಡುಗೆಮನೆಯಲ್ಲಿ ದುಡಿಯುತ್ತಿದ್ದರು; ಇಟಲಿಯ ಅಡುಗೆಯವನೊಬ್ಬ ಕೊಟ್ಟ ಒಂದು ಮುಷ್ಟಿಯಿಂದ ಬೆಳೆದದ್ದು ಅದು. ಅದನ್ನು ಬೆರೆಸದೆ ಈ ಮನೆಯಲ್ಲಿ ಹಿಟ್ಟು ಉಬ್ಬುತ್ತಿರಲಿಲ್ಲ. ತಾಯಿಹಿಟ್ಟು ಎನ್ನುತ್ತಿದ್ದಳು. ಸಾಯುವ ದಿನ ಮಗಳ ವಿಷಯ ಎತ್ತಲಿಲ್ಲ, ಗಂಡನ ವಿಷಯ ಎತ್ತಲಿಲ್ಲ. "ಅದರ ಹೊಟ್ಟೆಗೆ ಹಾಕೋದು ಮರೀಬೇಡಿ" ಎಂದಷ್ಟೇ ಹೇಳಿ ಕಣ್ಣು ಮುಚ್ಚಿದಳು. ಅಂದಿನಿಂದ ಮುದುಕ ದಿನವೂ ಹಿಡಿ ಹಿಟ್ಟು, ಗುಟುಕು ನೀರು ಕೊಡುತ್ತಿದ್ದ. ಮುಚ್ಚಳ ತೆಗೆದರೆ ಅವಳ ಕೈಯ ವಾಸನೆ ಬರುತ್ತಿತ್ತು.

ಗಾಜು ಬಿದ್ದ ಹಿಟ್ಟನ್ನು ಹೊರಗೆ ಸುರಿದು, ಭರಣಿಯಿಂದ ಅರ್ಧ ತೆಗೆದು ಹೊಸದಾಗಿ ನಾದಿದರು. ಮಧ್ಯಾಹ್ನದ ಹೊತ್ತಿಗೆ ಅದು ಅರೆಬರೆ ಉಬ್ಬಿತು. ಎಂದಿನಂತೆ ಮೂಲೆಯ ಮೇಜಿಗೆ ಕ್ಷೌರದಂಗಡಿಯವನೂ ಬಸ್ ಡ್ರೈವರನೂ ಬಂದು ಕೂತರು.

"ಇವತ್ತು ಹಿಟ್ಟು ಸರಿಯಾಗಿಲ್ಲ. ಎದುರುಗಡೆ ತಿನ್ನಿ, ಬಿಟ್ಟಿ ಕೊಡ್ತಿದ್ದಾರೆ" ಎಂದ ಮುದುಕ.

"ತಿಂದಾಯ್ತು ಯಜಮಾನ್ರೆ" ಎಂದ ಕ್ಷೌರದವನು. "ರಟ್ಟಿನ ಪೆಟ್ಟಿಗೇಲಿ ಹಾಕಿ ಕೊಟ್ರು. ಪೆಟ್ಟಿಗೆ ಯಾವುದು, ಪಿಜ್ಜಾ ಯಾವುದು ಅಂತ ತಿಂದ ಮೇಲೂ ಗೊತ್ತಾಗ್ಲಿಲ್ಲ."

"ನಿಮ್ಮ ಕೆಟ್ಟದ್ದನ್ನೇ ಹಾಕಿ" ಎಂದ ಡ್ರೈವರ್. "ಕೆಟ್ಟರೂ ದಿನಕ್ಕೊಂದು ಥರ ಕೆಟ್ಟಿರುತ್ತೆ."

ಮಗಳು ನಕ್ಕಳು. ಆ ನಗು ಮುಗಿಯುವುದರೊಳಗೆ ಅಳಿಯ ಬಾಗಿಲಲ್ಲಿದ್ದ. ಹಿಂದೆ ಕಬ್ಬಿಣದ ರಾಡು ಹಿಡಿದ ಇಬ್ಬರು.

"ಮಾವ, ಗಿರಾಕಿಗಳನ್ನ ಎಬ್ಬಿಸಿ ಕಳಿಸಿ."

"ಅವರಿಗೆ ಕಾಲಿದೆ ಕಣೋ. ಬೇಕಾದ್ರೆ ಅವರೇ ಏಳ್ತಾರೆ."

"ನನ್ನ ಹೊಟ್ಟೆ ಮೇಲೆ ಹೊಡೀತಿದೀರಿ ನೀವು."

"ಆ ಹೊಟ್ಟೆ ತುಂಬಿಸಿದ್ದು ಈ ಒಲೆ."

ಅಳಿಯ ರಾಡಿನವರಿಗೆ ತಲೆ ಆಡಿಸಿದ. ಮೊದಲ ಏಟು ಮೇಜಿಗೆ ಎಂದು ಎಲ್ಲರೂ ಅಂದುಕೊಂಡರು. ಅದು ಮೇಜಿನ ಮೇಲಿದ್ದ ಕ್ಷೌರದವನ ಬಲಗೈಗೆ ಬಿತ್ತು. ಕಡ್ಡಿ ಮುರಿದ ಹಾಗೆ ಶಬ್ದವಾಯಿತು. ಡ್ರೈವರ್ ಕುರ್ಚಿ ಎತ್ತುವುದರೊಳಗೆ ಮತ್ತೊಂದು ರಾಡು ಅವನ ಮೊಣಕಾಲು ಮುರಿಯಿತು. ಅಡ್ಡ ಬಂದ ಮಗಳನ್ನು ಒಬ್ಬ ಕೂದಲು ಹಿಡಿದು ಎಳೆದು ಗೋಡೆಗೆ ಅಪ್ಪಳಿಸಿದ. ಅವಳ ತುಟಿ ಸೀಳಿ ರಕ್ತ ಗದ್ದದವರೆಗೂ ಇಳಿಯಿತು. ಮುದುಕ ಪಿಜ್ಜಾ ತೆಗೆಯುವ ಉದ್ದ ಹಿಡಿಯ ಹಲಗೆಯನ್ನು ಬೀಸಿ ಅವನ ಕಿವಿಯ ಮೇಲೆ ಹೊಡೆದ. ಮರುಕ್ಷಣವೇ ತನ್ನ ಪಕ್ಕೆಲುಬಿಗೆ ಏಟು ಬಿದ್ದು ಉಸಿರು ಕಟ್ಟಿ ನೆಲಕ್ಕೆ ಕುಸಿದ.

ಅಳಿಯ ತಟ್ಟೆ ಲೋಟಗಳ ಗೊಡವೆಗೆ ಹೋಗಲಿಲ್ಲ. ನೇರವಾಗಿ ಗೂಡಿಗೆ ಕೈ ಹಾಕಿದ. ಈ ಮನೆಯ ಜೀವ ಎಲ್ಲಿದೆಯೆಂದು ಒಳಗಿನವನಿಗಲ್ಲದೆ ಇನ್ನಾರಿಗೆ ಗೊತ್ತಿರುತ್ತದೆ?

"ಅದನ್ನ ಇಡೋ. ನಿಮ್ಮತ್ತೇದು ಅದು."

"ಅತ್ತೆ ಸತ್ತು ಎಂಟು ತಿಂಗಳಾಯ್ತು, ಮಾವ."

ಭರಣಿ ನೆಲಕ್ಕೆ ಬಿದ್ದು ಹೋಳಾಯಿತು. ಅವನು ಬೂಟಿನ ಹಿಮ್ಮಡಿಯಿಂದ ಆ ಹಿಟ್ಟನ್ನು ತಿಕ್ಕಿ ತಿಕ್ಕಿ ಚೂರುಗಳಿಗೂ ರಕ್ತಕ್ಕೂ ಬೆರೆಸಿದ. ಆಮೇಲೆ, ಒಲೆಯನ್ನೂ ಕೆಡವಲು ಮೊದಲು ಬೆಂಕಿ ಆರಿಸಬೇಕಲ್ಲ ಎಂದು, ನೆಲ ತೊಳೆಯಲು ಇಟ್ಟಿದ್ದ ನೀರಿನ ಬಕೆಟ್ಟಿಗೆ ಕೈ ಹಾಕಿದ.

ಆರು ಗಂಟೆಗಳ ಕಾಲ ಉರಿದ ಇಟ್ಟಿಗೆ ಒಲೆಗೆ ನೀರು ತೋರಿಸಬಾರದು. ಆ ಮನೆಯಲ್ಲಿ ಕೆಲಸಕ್ಕೆ ಬಂದವರಿಗೆ ಮೊದಲ ದಿನ ಕಲಿಸುವ ಪಾಠ ಅದು. ಅಳಿಯನಿಗೆ ಸಾವಿರ ಸಲ ಹೇಳಿದ್ದರು. ಆದರೆ ನಾಲ್ಕು ವರ್ಷದಿಂದ ಅವನು ಗುಂಡಿ ಒತ್ತಿ ಕರೆಂಟಿನ ಒಲೆ ಆರಿಸಿ, ಒದ್ದೆ ಬಟ್ಟೆಯಿಂದ ಒರೆಸಿ ಮನೆಗೆ ಹೋಗುತ್ತಿದ್ದ. ಕೈ ಹೊಸ ಪಾಠ ಕಲಿತು ಹಳೆಯದನ್ನು ಮರೆತಿತ್ತು.

ಅವನು ಬಕೆಟ್ ಎತ್ತಿ ಒಲೆಯ ಬಾಯಿಗೆ ಮುಖ ಬಗ್ಗಿಸಿದ. ಮುದುಕನಿಗೆ ಉಸಿರು ಮರಳಿತ್ತು. ನೀರು ಬೇಡ ಎಂಬ ಎರಡು ಮಾತಿಗೆ ಬೇಕಾದಷ್ಟು ಸಮಯವೂ ಇತ್ತು. ಅವನು ಬೂಟಿನಡಿಯ ಹಿಟ್ಟನ್ನು ನೋಡಿದ. ಬಾಯಿ ಬಿಡಲಿಲ್ಲ.

ಒಲೆ ಸಿಡಿದ ಹಾಗೆ ಆಯಿತು. ಬಿಳಿಯ ಹಬೆ, ಬೂದಿ, ಕೆಂಡ ಒಟ್ಟಾಗಿ ಹೊರಗೆ ನುಗ್ಗಿ ಅಳಿಯನ ಮುಖವನ್ನು ಹೊಡೆದವು. ಅವನು ಕಿರುಚಿದ ರೀತಿಗೆ ರಾಡಿನವರಿಬ್ಬರೂ ಬೀದಿಗೆ ಓಡಿದರು. ಒಲೆಯ ಮೇಲಿನ ಗುಮ್ಮಟ ಈ ತುದಿಯಿಂದ ಆ ತುದಿಗೆ ಬಿರುಕು ಬಿಟ್ಟಿತು. ಆಗ ಮುದುಕ ಎಚ್ಚೆತ್ತವನಂತೆ, ಪಕ್ಕೆ ಹಿಡಿದುಕೊಂಡು ತೆವಳಿ, ಅವನನ್ನು ನಲ್ಲಿಯ ಕೆಳಗೆ ಎಳೆದುಕೊಂಡ. "ಕಣ್ಣು ಉಜ್ಜಬೇಡ ಮಗ, ಉಜ್ಜಬೇಡ" ಎನ್ನುತ್ತ, ಆಂಬುಲೆನ್ಸ್ ಬರುವವರೆಗೂ ತಣ್ಣೀರು ಬಿಡುತ್ತಲೇ ಇದ್ದ.

ಅಳಿಯನ ಬಲಗಣ್ಣು ಹೋಯಿತು. ಎಡಗಣ್ಣಿಗೆ ಪಟ್ಟಿ ಕಟ್ಟಿದರು. ಅವನು ಮಾಡಿದ್ದಕ್ಕೂ ತಮಗೂ ಸಂಬಂಧವಿಲ್ಲವೆಂದು ಕಂಪನಿಯವರು ಒಂದು ಕಾಗದ ಕಳಿಸಿ ಕೈ ತೊಳೆದುಕೊಂಡರು. ಕ್ಷೌರದವನ ಮೂರು ಬೆರಳು ಮತ್ತೆ ಕತ್ತರಿ ಹಿಡಿಯಲಿಲ್ಲ. ಆದರೂ ಅವನು ಎಡಗೈಯಲ್ಲಿ ಜೇಡಿಮಣ್ಣು ಕಲಸಿ ಕೊಟ್ಟ, ಡ್ರೈವರ್ ಊರುಗೋಲು ಒರಗಿಸಿ ಕೂತು ಬಿರುಕಿಗೆ ಮೆತ್ತಿದ. ಮುದುಕ ಮಾತ್ರ ಬೆಳಿಗ್ಗೆ ಒಲೆಯ ಮುಂದೆ ಸುಮ್ಮನೆ ನಿಲ್ಲುತ್ತಿದ್ದ. ದೇವರಿಗೆ ಒಪ್ಪಿಸುವುದನ್ನು ಬಿಟ್ಟಿದ್ದ. ಆ ದಿನದ ಬೆಂಕಿ ಯಾರದಾಗಿತ್ತೆಂದು ಅವನಿಗೆ ಗೊತ್ತಿತ್ತು.

ಮೂರನೆಯ ವಾರ ಅಕ್ಕ ಒಂದು ಗಾಜಿನ ಶೀಶೆ ಹಿಡಿದು ಬಂದಳು.

"ತಾಯಿಹಿಟ್ಟು, ನಿನ್ನ ಹೆಂಡತಿ ಕೊಟ್ಟಿದ್ಲು. ಫ್ರಿಜ್ಜಲ್ಲಿಟ್ಟು ವಾರಕ್ಕೊಂದ್ಸಲ ಹಿಟ್ಟು ಹಾಕಿ ಅಂದಿದ್ಲು, ಹಾಕ್ಕೊಂಡು ಬಂದೆ. ನನ್ನ ಮಗ ಮಾಡಿದ್ದಕ್ಕೆ ನನ್ನ ಹತ್ರ ಬೇರೇನಿದೆ, ತಮ್ಮ?"

ಮುಚ್ಚಳ ತೆಗೆದ. ಅದೇ ವಾಸನೆ. ಅವನಿಂದ ಅಕ್ಕನ ಮುಖ ನೋಡಲಾಗಲಿಲ್ಲ.

ಮರುದಿನ ಆ ಹಿಟ್ಟಿನಿಂದ ಸುಟ್ಟ ಮೊದಲ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಹೋದ. ಅಕ್ಕ ಮಂಚದ ಪಕ್ಕದಲ್ಲಿ ಕೂತಿದ್ದಳು. ಅಳಿಯನ ಕೈಗೆ ಬ್ರೆಡ್ ಇಟ್ಟ. ಅವನು ಮೂಸಿದ, ಯಾರು ಬಂದಿದ್ದಾರೆಂದು ತಿಳಿದು ಬೀಸಿ ಎಸೆದ. ಅದು ಮುದುಕನ ಎದೆಗೆ ಬಡಿದು ನೆಲಕ್ಕೆ ಉರುಳಿತು.

"ನೀವು ನೋಡ್ತಾ ಇದ್ರಿ" ಎಂದ ಅಳಿಯ.

"ಹೌದು, ನೋಡ್ತಾ ಇದ್ದೆ."

"ನಾನು ಮರ್ತಿದ್ದೆ. ನೀವು ಮರ್ತಿರ್ಲಿಲ್ಲ."

"ಇಲ್ಲಪ್ಪ. ನೆನಪಿತ್ತು. ಹೇಳೋಕೆ ಹೊತ್ತೂ ಇತ್ತು. ಬೇಕಂತಲೇ ಹೇಳ್ಲಿಲ್ಲ."

ಅಕ್ಕ ಎದ್ದಳು. ಹಿಂದೆಮುಂದೆ ನೋಡದೆ ತಮ್ಮನ ಕೆನ್ನೆಗೆ ಹೊಡೆದಳು. ಅವನು ಕದಲಲಿಲ್ಲ. ಮತ್ತೊಂದು ಹೊಡೆದಳು, ಇನ್ನೊಂದು. ಅವನ ಮೂಗಿನಿಂದ ರಕ್ತ ಬಂದು ಅಂಗಿಯ ಮೇಲೆ ತೊಟ್ಟಿಕ್ಕಿತು. ನರ್ಸ್ ಬಾಗಿಲಿಗೆ ಬಂದವಳು ಅಲ್ಲೇ ನಿಂತಳು.

"ಸಾಕು ಬಿಡಮ್ಮ" ಎಂದ ಅಳಿಯ. ಮಂಚದ ಅಂಚಿನಲ್ಲಿ ಕೈಯಾಡಿಸಿದ. "ಆ ಬ್ರೆಡ್ ಎಲ್ಲಿ ಬಿತ್ತು?"

ಮುದುಕ ಬಗ್ಗಿ ಎತ್ತಿಕೊಂಡು, ಧೂಳು ಒರೆಸಿ, ಮುರಿದು ಅವನ ಅಂಗೈಗೆ ಒಂದು ಚೂರು ಇಟ್ಟ. ಅವನು ನಿಧಾನವಾಗಿ ಅಗಿದ.

"ತಳ ಸೀದಿದೆ."

"ಒಲೆ ಬಿರುಕು ಬಿಟ್ಟಿದೆ. ಮಣ್ಣು ಮೆತ್ತಿದ್ರೂ ಶಾಖ ಎಲ್ಲ ಬಲಗಡೆಗೇ ಹೋಗುತ್ತೆ."

"ಹಾಗಾದ್ರೆ ಎಡಗಡೆ ಇಡಬೇಕಿತ್ತು" ಎಂದು ಅಳಿಯ ಮತ್ತೊಂದು ಚೂರಿಗೆ ಕೈ ಚಾಚಿದ.