ಬಿಳಿಕೊಕ್ಕರೆ ದಿಬ್ಬದ ಏಳು ಹೆಂಗಸರು

ನಮ್ಮ ಪೆಂಬಾ ದ್ವೀಪದಲ್ಲಿ ಕಡಲಿಗೆ ಇಳಿಯುವವನು ಮೊದಲು ಕೇಳಿಕೊಳ್ಳುವುದು ಗಾಳಿಯನ್ನಲ್ಲ, ಚಂದ್ರನಿಗೆ ಎಷ್ಟು ದಿನವಾಯಿತು ಎಂಬುದನ್ನು. ಹದಿನೈದನೆಯ ದಿನವಾದರೆ ನೀರು ಪೂರ್ತಿ ಇಳಿಯುವುದು ಬೆಳಿಗ್ಗೆ ಹತ್ತಕ್ಕೆ. ಹದಿನಾರನೆಯ ದಿನವಾದರೆ ಹತ್ತೂಮುಕ್ಕಾಲಿಗೆ. ದಿನವೊಂದು ತಪ್ಪಿದರೆ ಮುಕ್ಕಾಲು ಗಂಟೆ ತಪ್ಪಿದಂತೆ. ಇಷ್ಟು ಲೆಕ್ಕ ಮಕ್ಕಳಿಗೂ ಗೊತ್ತು.

ಆ ತಿಂಗಳು ನಮ್ಮೂರಿಗೆ ಇಬ್ಬರು ಚಂದ್ರರಿದ್ದರು. ಎಲ್ಲೋ ದೂರದ ನಾಡಿನಲ್ಲಿ ಬಾಲಚಂದ್ರ ಕಂಡನೆಂದು ರೇಡಿಯೋ ಹೇಳಿದ ಸಂಜೆಯೇ ನಾವು ಪ್ರಾಯದವರು ತಿಂಗಳ ಎಣಿಕೆ ಹಿಡಿದೆವು. ನನ್ನ ಮಾವ ಫಾಕಿ, ನಲವತ್ತು ವರ್ಷ ಹಾಯಿಹಡಗು ನಡೆಸಿದವರು, ಮಾರನೆಯ ಸಂಜೆ ದಂಡೆಯಲ್ಲಿ ನಿಂತು, ಚಂದ್ರ ತಮ್ಮ ಕಣ್ಣಿಗೇ ಬಿದ್ದ ಮೇಲೆ ಎಣಿಸತೊಡಗಿದರು. ಮಸೀದಿಯ ಜಗಲಿಯಲ್ಲಿ ಮಾತಿಗೆ ಮಾತು ಬೆಳೆಯಿತು. ನಮಾಜಿಗೂ ಉಪವಾಸಕ್ಕೂ ಯಾವ ಚಂದ್ರ ಸರಿ ಎಂದು ತೀರ್ಮಾನಿಸುವ ಓದು ನನಗಿಲ್ಲ. ಅದು ಬಲ್ಲವರ ಕೆಲಸ. ಆದರೆ ಕಡಲಿನ ನೀರು ರೇಡಿಯೋ ಕೇಳುವುದಿಲ್ಲ ಎನ್ನುವುದಾದರೂ ನನಗೆ ತಿಳಿದಿರಬೇಕಿತ್ತು.

ಆ ದಿನ ಬೆಳಿಗ್ಗೆ ನಾನು ಏಳು ಹೆಂಗಸರನ್ನು ಆಕ್ಟೋಪಸ್ ಹಿಡಿಯಲು ದೋಣಿಯಲ್ಲಿ ಬಿಳಿಕೊಕ್ಕರೆ ದಿಬ್ಬಕ್ಕೆ ಕರೆದೊಯ್ದೆ. ಊರಿನಿಂದ ಪಡುವಣಕ್ಕೆ ಕಡಲ ನಡುವೆ ಎದ್ದಿರುವ ಮರಳು ದಿಬ್ಬ ಅದು. ಹವಳದ ಬಂಡೆಗಳು ಅದರ ಸುತ್ತ. ಇಳಿತದಲ್ಲಿ ಮಾತ್ರ ಮೈ ತೋರಿಸಿ, ನೀರು ತಿರುಗಿ ಎರಡು ಗಂಟೆಯಾದರೆ ಮುಳುಗಿಬಿಡುತ್ತದೆ. ನನ್ನ ಹೆಂಡತಿ ಮಿಝೆ ಅವರಲ್ಲಿದ್ದಳು. ಪಕ್ಕದ ಮನೆಯ ಮಕಾಮೆಯ ಹೆಂಡತಿ ರಿಜಿಕಿಯೂ ಇದ್ದಳು. ಏಳು ಜನರಲ್ಲಿ ಕುಳ್ಳಗಿನವಳು ಅವಳೇ, ಬಾಯಿಜೋರು ಹೆಂಗಸೂ ಅವಳೇ.

ದಿಬ್ಬಕ್ಕೆ ಕಾಲಿಟ್ಟೊಡನೆ ಹಿರಿಯಳಾದ ಬೀ ಕೊಂಬೊ ನೀರನ್ನು ನೋಡಿ ಹುಬ್ಬು ಗಂಟಿಕ್ಕಿದಳು. “ಏನಪ್ಪಾ ಹಮಾದಿ, ಇವತ್ತು ನೀರು ಬೇಗ ಇಳಿದಂಗಿದೆ?”

“ಗಾಳಿ ತಳ್ಳಿರ್ಬೇಕು ಅಜ್ಜಿ. ಇವತ್ತು ಹದಿನಾರು.”

“ನಮ್ಮಪ್ಪನ ಮನೇಲಿ ಹದಿನೈದು,” ಎಂದಳು ಮಿಝೆ.

“ನಿಮ್ಮಪ್ಪನ ಮನೇಲಿ ಯಾವಾಗ್ಲೂ ಒಂದು ದಿನ ಹಿಂದೇನೇ,” ಎಂದೆ.

ರಿಜಿಕಿ ನಕ್ಕಳು. “ಗಂಡ ಹೆಂಡ್ತಿ ಚಂದ್ರನ್ನ ಹಂಚಿಕೊಳ್ಳೋದು ಆಮೇಲೆ. ಹೊತ್ತಿಗೆ ಸರಿಯಾಗಿ ಬಾ ಮಾರಾಯಾ, ನನಗೆ ಈಜು ಬರಲ್ಲ.”

ನಾನು ಊರಿಗೆ ಮರಳಿದೆ. ಹರಿದ ಹಾಯಿಯನ್ನು ಮನೆಯ ಹಿತ್ತಲಲ್ಲಿ ಹರಡಿಕೊಂಡು ಹೊಲಿಯುತ್ತ ಕೂತೆ. ಊರಿಗೆಲ್ಲ ಇದ್ದದ್ದು ಮಸೀದಿಯ ಗಡಿಯಾರವೊಂದೇ. ಅದು ಹನ್ನೊಂದೂವರೆ ತೋರಿಸಿದಾಗ ಎದ್ದರಾಯಿತು ಎಂದುಕೊಂಡಿದ್ದೆ. ಕಡಲಿಗೆ ಬೆನ್ನು ಹಾಕಿ ಕೂತಿದ್ದೆ. ತೆಂಕಣದಿಂದ ಮೋಡ ಏರಿದ್ದೂ ನನಗೆ ಕಾಣಲಿಲ್ಲ.

ಮಾವ ಮೂರು ದಿನದಿಂದ ಸಾವಿನ ಮನೆಗೆಂದು ಬೇರೆ ಊರಿಗೆ ಹೋಗಿದ್ದವರು ಅದೇ ಹೊತ್ತಿಗೆ ಬಂದರು. ದಂಡೆಯ ಕಾಂಡ್ಲಾ ಗಿಡಗಳ ಬೇರಿಗೆ ನೀರು ಏರಿದ್ದನ್ನು ದಾರಿಯಲ್ಲಿ ನೋಡಿದ್ದರು.

“ಮಿಝೆ ಎಲ್ಲಿ?”

“ದಿಬ್ಬದಲ್ಲಿ, ಮಾವ. ಇನ್ನೇನು ಹೊರಟೆ.”

ಅವರು ಬೈಯಲಿಲ್ಲ. ಮುಖದ ಬಣ್ಣವಷ್ಟೇ ಇಳಿಯಿತು. “ನೀರು ತಿರುಗಿ ಒಂದೂವರೆ ಗಂಟೆ ಆಯ್ತು. ಏಳು, ಹಾಯಿ ಎತ್ತು,” ಎಂದು ತಮ್ಮ ಪೆಟ್ಟಿಗೆಯಿಂದ ಕಡಲ ನಕ್ಷೆಯನ್ನೂ ದಿಕ್ಸೂಚಿಯನ್ನೂ ತೆಗೆದುಕೊಂಡು ಓಡಿದರು. ಎಪ್ಪತ್ತು ದಾಟಿದವರು ಹಾಗೆ ಓಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ದೋಣಿ ಬಂಡೆಸಾಲಿನ ಕಿಂಡಿ ದಾಟುವ ಮೊದಲೇ ಮಳೆ ನಮ್ಮನ್ನು ನುಂಗಿತು. ಮಸೀದಿಯ ಗೋಪುರವನ್ನೂ ಬೆಟ್ಟದ ಬಾವೊಬಾಬ್ ಮರವನ್ನೂ ಒಂದೇ ಗೆರೆಗೆ ತಂದುಕೊಂಡು ದಿಬ್ಬಕ್ಕೆ ಹೋಗುವುದು ನಮ್ಮ ರೂಢಿ. ಈಗ ಗೋಪುರವೂ ಇಲ್ಲ, ಮರವೂ ಇಲ್ಲ. ಮುಂದೆ ದಿಬ್ಬವಂತೂ ಮುಳುಗುತ್ತಿತ್ತು. ಕಾಣದ ಕಡಲಿನಲ್ಲಿ ಕಾಣದ ಮರಳನ್ನು ಹುಡುಕಬೇಕಿತ್ತು.

ಮಾವ ಚುಕ್ಕಾಣಿ ಹಿಡಿದು, ನಕ್ಷೆಯನ್ನು ಮಂಡಿಯ ಕೆಳಗೆ ಒತ್ತಿಕೊಂಡರು. “ದಿಬ್ಬ ಇರೋದು ಪಡುವಣಕ್ಕೆ. ಉಬ್ಬರ ನಮ್ಮನ್ನ ಬಡಗಣಕ್ಕೆ ಎಳೆಯುತ್ತೆ. ನಿನ್ನ ಚಂದ್ರನ ಪ್ರಕಾರ ಆದ್ರೆ ಸೆಳೆತ ಈಗಷ್ಟೇ ಶುರು. ನನ್ನ ಚಂದ್ರನ ಪ್ರಕಾರ ಆದ್ರೆ ಜೋರಾಗಿದೆ. ಯಾವುದಕ್ಕೆ ತಿರುಗಿಸ್ಲಿ?”

“ನಿಮ್ಮದಕ್ಕೆ, ಮಾವ.”

ಅವರು ದೋಣಿಯ ಮೂತಿಯನ್ನು ತೆಂಕಣಕ್ಕೆ ಚೆನ್ನಾಗಿ ಎಳೆದು ಹಿಡಿದರು. “ನಾನು ದಿಕ್ಸೂಚಿಯಿಂದ ಕಣ್ಣು ಎತ್ತೋಹಂಗಿಲ್ಲ. ವೇಗ ನೀನು ನೋಡು.”

ವೇಗ ನೋಡುವ ನಮ್ಮ ಕ್ರಮ ಹೀಗೆ. ದೋಣಿಯ ಮೂತಿಯಲ್ಲಿ ತೆಂಗಿನ ಸಿಪ್ಪೆಯ ಚೂರೊಂದನ್ನು ನೀರಿಗೆ ಹಾಕಬೇಕು. ಅದು ಹಿಂಬದಿಯನ್ನು ದಾಟುವವರೆಗೆ ಪ್ರವಾದಿಗಳ ಮೇಲಿನ ಸಲಾತೆಂಬ ಚಿಕ್ಕ ಪ್ರಾರ್ಥನೆಯನ್ನು ಒಂದೇ ಹದದಲ್ಲಿ ಹೇಳುತ್ತ ಎಣಿಸಬೇಕು. ಎರಡು ಸಲಾತಿಗೆ ದಾಟಿದರೆ ದೋಣಿ ಹಾರುತ್ತಿದೆ, ನಾಲ್ಕಾದರೆ ನಡೆಯುತ್ತಿದೆ. ದಾರಿ ಎಷ್ಟು ಸವೆಯಿತೆಂಬುದನ್ನು ಚುಕ್ಕಾಣಿಯವನು ಜಪಸರದ ಮಣಿಗಳಲ್ಲಿ ಇಟ್ಟುಕೊಳ್ಳುತ್ತಾನೆ. ನಮ್ಮ ಹಿರಿಯರಿಗೆ ಗಡಿಯಾರ ಇರಲಿಲ್ಲ, ಪ್ರಾರ್ಥನೆ ಇತ್ತು.

ಸಿಪ್ಪೆ ಹಾಕಿದೆ. ಸಲಾತು ಹೇಳಿದೆ. ನಾಲ್ಕು.

“ನಾಲ್ಕಾ? ಈ ಗಾಳಿಗೆ?”

“ನಾಲ್ಕೇ, ಮಾವ.”

ಮತ್ತೆ ಹಾಕಿದೆ. ಮತ್ತೆ ನಾಲ್ಕು. ಮಾವ ಮಣಿ ಎಣಿಸುತ್ತ ದೋಣಿಯನ್ನು ಬಿಟ್ಟುಕೊಂಡು ಹೋದರು. ನನ್ನ ಕಣ್ಣೆದುರು ಮಿಝೆಯ ಕುತ್ತಿಗೆಯಿತ್ತು, ಆ ಕುತ್ತಿಗೆಯವರೆಗೆ ನೀರಿತ್ತು. ಬಾಯಿ ಸಲಾತು ಹೇಳುತ್ತಿತ್ತು.

ಮಣಿ ಮುಗಿದಾಗ ಮಾವ ಸೀಸದ ಗುಂಡು ಇಳಿಬಿಡಲು ಹೇಳಿದರು. ಗುಂಡಿನ ತಳದ ಕುಳಿಗೆ ಸೋಪು ಮೆತ್ತಿ, ಮಾರಿಗೊಂದು ಗಂಟು ಹಾಕಿದ ಹಗ್ಗದಲ್ಲಿ ಇಳಿಸಿದೆ. ದಿಬ್ಬ ಹತ್ತಿರವಿದ್ದರೆ ಎರಡು ಮಾರಿಗೆ ತಳ ಸಿಗಬೇಕು, ಸೋಪಿಗೆ ಬಿಳಿ ಮರಳು ಅಂಟಬೇಕು. ಹಗ್ಗ ಹತ್ತು ಮಾರು ಹೋಯಿತು. ಸೋಪಿನಲ್ಲಿ ಬಂದದ್ದು ಕರಿ ಕೆಸರು.

ಮಾವ ಆ ಕೆಸರನ್ನು ಬೆರಳಿನಲ್ಲಿ ಉಜ್ಜಿ ನೋಡಿದರು. “ದಿಬ್ಬ ದಾಟಿ ಆಚೆಗೆ ಬಂದಿದ್ದೀವಿ. ಈ ಕೆಸರು ಆಚೆ ಕಡೇದು.” ನನ್ನ ಮುಖ ನೋಡಿದರು. “ಹಮಾದಿ, ಸಲಾತನ್ನ ಓಡಿಸಿದ್ಯಾ?”

ಆಗ ನನಗೆ ತಿಳಿಯಿತು. ಎರಡು ಹೇಳುವ ಹೊತ್ತಿನಲ್ಲಿ ನಾನು ನಾಲ್ಕು ಹೇಳಿದ್ದೆ. ಹೆದರಿಕೆ ನನ್ನ ನಾಲಿಗೆಯನ್ನು ಅಟ್ಟಿಸಿಕೊಂಡು ಹೋಗಿತ್ತು. ಹಾರುತ್ತಿದ್ದ ದೋಣಿಯನ್ನು ನಡೆಯುತ್ತಿದೆ ಎಂದು ನಂಬಿಸಿದ್ದೆ.

“ಮಾವ, ಅವರು ಸಾಯ್ತಾರೆ,” ಎಂದು ಅಳತೊಡಗಿದೆ.

“ನನ್ನ ಮಗಳೂ ಅಲ್ಲೇ ಇರೋದು.” ಅವರ ದನಿ ಏರಲಿಲ್ಲ. ಹಾಯಿ ಹೊರಳಿಸಿ ದೋಣಿಯನ್ನು ಹಿಂದಕ್ಕೆ ತಿರುಗಿಸಿದರು. “ಪ್ರವಾದಿಗಳ ಹೆಸರು ತಗೊಂಡು ಓಡಬಾರ್ದು ಮಗಾ. ಜುಮಾ ದಿನ ಮಸೀದೀಲಿ ಹೆಂಗೆ ಹೇಳ್ತೀಯೋ ಹಂಗೆ ಹೇಳು. ನಿನ್ನ ಕೈಲಿ ಈಗ ಇರೋದು ಅದೊಂದೇ.”

ಸಿಪ್ಪೆ ಹಾಕಿದೆ. ಮಳೆಗೆ ಕಣ್ಣು ತೆರೆದುಕೊಂಡು ಒಂದೊಂದು ಅಕ್ಷರಕ್ಕೂ ಅದರ ಜಾಗ ಕೊಟ್ಟು ಹೇಳಿದೆ. ಅಂಥ ಕಷ್ಟದ ಕೆಲಸವನ್ನು ನಾನು ಬದುಕಿನಲ್ಲಿ ಮತ್ತೆ ಮಾಡಿಲ್ಲ. ಮೂರು. ಮತ್ತೆ ಹಾಕಿದೆ. ಮೂರು. ಮಾವನ ಬೆರಳಲ್ಲಿ ಮಣಿಗಳು ಜಾರಿದವು. ಗುಂಡು ಬಿಟ್ಟೆ. ಏಳು ಮಾರು, ಕೆಸರು. ಮತ್ತೆ ಬಿಟ್ಟೆ. ನಾಲ್ಕು ಮಾರು, ಚಿಪ್ಪಿನ ಚೂರು. ಮತ್ತೆ ಬಿಟ್ಟೆ. ಎರಡು ಮಾರು. ಸೋಪಿನ ತುಂಬ ಬಿಳಿ ಮರಳು.

“ಕೂಗು,” ಎಂದರು ಮಾವ.

ಕೂಗಿದೆ. ಮಳೆಯೊಳಗಿನಿಂದ ಹೆಂಗಸರ ದನಿಗಳು ಒಟ್ಟಿಗೇ ಬಂದವು. ಕಾಂಗಾ ಬಟ್ಟೆಗಳನ್ನು ಒಂದಕ್ಕೊಂದು ಗಂಟು ಹಾಕಿ, ಸೊಂಟಕ್ಕೆ ಸುತ್ತಿಕೊಂಡು, ದುಂಡಗೆ ನಿಂತಿದ್ದರು. ನೀರು ಗಲ್ಲ ಮುಟ್ಟುತ್ತಿತ್ತು. ಅಲೆ ಬಂದಾಗ ಎಲ್ಲರೂ ಕೂಡಿ ಜಿಗಿಯುತ್ತಿದ್ದರು. ಒಬ್ಬೊಬ್ಬರನ್ನೇ ರಟ್ಟೆ ಹಿಡಿದು ಎಳೆದುಕೊಂಡೆ. ಬೀ ಕೊಂಬೊ ಬಂದಳು. ಮಿಝೆ ಕೊನೆಗೆ ಬಂದಳು. ಅವಳ ಸೊಂಟದಿಂದ ಬಟ್ಟೆಯ ಒಂದು ತುದಿ ಬರಿದಾಗಿ ನೇತಾಡುತ್ತಿತ್ತು.

ಆರು ಜನ.

“ರಿಜಿಕಿ?”

ಮಿಝೆ ನನ್ನತ್ತ ನೋಡದೆ ಅಪ್ಪನಿಗೆ ಹೇಳಿದಳು. “ಹೆಗಲ ಮೇಲೆ ಹೊತ್ತುಕೊಂಡಿದ್ದೆ ಅಪ್ಪಾ. ಮಳೆ ಒಳಗೆ ನಿಮ್ಮ ಹಾಯಿ ಪಕ್ಕದಲ್ಲೇ ಹಾದುಹೋಯ್ತು. ಅವಳು ಕೈ ಎತ್ತಿ ಕೂಗಿದ್ಲು. ನೀವು ನಿಲ್ಲಿಸ್ಲಿಲ್ಲ. ಆಮೇಲೆ ಬಂದ ಅಲೇಲಿ ಗಂಟು ಬಿಚ್ಚಿಹೋಯ್ತು.”

ಮಾವ ಒದ್ದೆ ನಕ್ಷೆಯನ್ನು ಬಿಡಿಸಿ, ದಿಬ್ಬದಿಂದ ಬಡಗಣಕ್ಕೆ ಬೆರಳು ಎಳೆದರು. ಸೆಳೆತ ಹೋಗುವ ಕಡೆಗೆ ಹೋದೆವು. ಕೂಗಿದೆವು. ಸಿಪ್ಪೆ ಹಾಕಿ ಎಣಿಸಿದೆ, ನಿಧಾನವಾಗಿ, ತಪ್ಪದೆ. ಮಳೆ ನಿಂತಿತು. ಕಡಲು ಎಲ್ಲ ಕಡೆಗೂ ಚೆನ್ನಾಗಿ ಕಂಡಿತು, ಅದರ ಮೇಲೆ ಏನೂ ಇರಲಿಲ್ಲ.

ಸಂಜೆ ದಂಡೆಯಲ್ಲಿ ಮಕಾಮೆ ನಿಂತಿದ್ದ. ಇಳಿದವರನ್ನು ಎಣಿಸಿದ. ನಾನು ಅವನೆದುರು ನಿಂತು ಎರಡು ತಪ್ಪುಗಳನ್ನೂ ಹೇಳಿದೆ, ಚಂದ್ರನದನ್ನೂ ಸಲಾತಿನದನ್ನೂ. ಅವನು ಹೊಡೆಯಲಿ ಎಂದು ಕಾದೆ. ಅವನು ಹೊಡೆಯಲಿಲ್ಲ. ಮಾವನ ಕಡೆ ತಿರುಗಿ, “ನೀರು ಅವಳನ್ನ ಎಲ್ಲಿಗೆ ಒಯ್ಯುತ್ತೆ, ಹಿರಿಯರೇ?” ಎಂದು ಕೇಳಿದ.

ಮಾವ ನಕ್ಷೆಯ ಬಡಗಣ ಮೂಲೆಯ ಒಂದು ಕೊಲ್ಲಿಯ ಮೇಲೆ ಬೆರಳಿಟ್ಟರು. “ಮೂರನೇ ದಿನಕ್ಕೆ. ಅಲ್ಲಾಹನ ಇಚ್ಛೆ ಇದ್ರೆ.”

ಮೂರನೆಯ ದಿನ ನಾವು ಮೂವರೂ ಹೋದೆವು. ದಾರಿಯುದ್ದಕ್ಕೂ ಮಕಾಮೆ ನನ್ನೊಡನೆ ಒಂದು ಮಾತೂ ಆಡಲಿಲ್ಲ. ಕೊಲ್ಲಿಯೊಳಗೆ ಕಾಂಡ್ಲಾ ಬೇರುಗಳ ನಡುವೆ ಅವಳಿದ್ದಳು. ಮಕಾಮೆ ತನ್ನ ಅಂಗಿ ಬಿಚ್ಚಿ ಅವಳ ಮುಖ ಮುಚ್ಚಿದ. ಎತ್ತಲು ಒಬ್ಬನಿಂದ ಆಗಲಿಲ್ಲ. ನಾನು ಹತ್ತಿರ ಹೋಗಲಾರದೆ ಸೊಂಟದುದ್ದ ನೀರಿನಲ್ಲಿ ನಿಂತಿದ್ದೆ.

ಅವನು ತಲೆಯೆತ್ತಲಿಲ್ಲ.

“ಹಮಾದಿ, ಬಾ,” ಎಂದ. “ಕಾಲಿನ ಕಡೆ ಹಿಡಿ.”